ಕಳೆದುಹೋದ ಆ ಹತ್ತು ನಿಮಿಷ

ರಾತ್ರಿ ಪಾಳಿ ಮುಗಿಸಿ ನೆಲಮಂಗಲದಿಂದ ದಾಬಸ್‌ಪೇಟೆಗೆ ಹೊರಟಿರುತ್ತೀರಿ. ಊರು ಬಂದಾಗ ನಡುವಿನ ದಾರಿಯೇ ನೆನಪಿರುವುದಿಲ್ಲ. ‘ಗಾಳಿ ಸೋಕಿರಬೇಕು’ ಎನ್ನುತ್ತಾರೆ ಮನೆಯ ಹಿರಿಯರು.

ಹೆದರಬೇಡಿ. ನಿತ್ಯದ ಹೆದ್ದಾರಿಯಲ್ಲಿ ಕೈಕಾಲು ರೂಢಿಯ ಮೇಲೆ ಗಾಡಿ ಓಡಿಸುತ್ತವೆ; ಗಮನ ಬೇರೆಡೆ ಇರುವುದರಿಂದ ದಾರಿ ನೆನಪಿನಲ್ಲಿ ಉಳಿಯುವುದಿಲ್ಲ. ಆದರೆ ದಣಿದ ದೇಹಕ್ಕೆ ಕಣ್ಣು ತೆರೆದಿದ್ದಾಗಲೂ ಕ್ಷಣಕಾಲ ನಿದ್ದೆ ಹತ್ತಬಹುದು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ 3 ಸೆಕೆಂಡಿಗೆ ಗಾಡಿ ಸುಮಾರು 67 ಮೀಟರ್ ದಾಟಿರುತ್ತದೆ. ಆಕಳಿಕೆ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, 20 ನಿಮಿಷ ಮಲಗಿ.

ಮಾತಿನ ನಡುವೆಯೇ ಹೊತ್ತು ತಪ್ಪಿಹೋಗುತ್ತಿದ್ದರೆ ಅದು ಮೂರ್ಛೆರೋಗದ ಲಕ್ಷಣವೂ ಆಗಿರಬಹುದು. ತಾಯತ ಕಟ್ಟಿಸಿ ಸುಮ್ಮನಾಗಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಆಸ್ಪತ್ರೆಯಲ್ಲಿ ನರರೋಗ ತಜ್ಞರನ್ನು ತಪ್ಪದೆ ಕಾಣಿ.