ಜೀಪಿನ ತಳದ ತಗಡು: ಬಿಚ್ಚುವ ಮುನ್ನ ತಿಳಿದಿರಬೇಕಾದ ಸಂಗತಿಗಳು



ತೋಟದ ಗಾಡಿಯ ಮಾತು ಬಂದಾಗ ನಾವು ಟಯರಿನ ವಿಚಾರ ಮಾತಾಡುತ್ತೇವೆ, ಬ್ರೇಕಿನ ವಿಚಾರ ಮಾತಾಡುತ್ತೇವೆ. ಬಗ್ಗಿ ಅದರ ಹೊಟ್ಟೆಯ ಕೆಳಗೆ ನೋಡುವವರು ಕಡಿಮೆ. ಸಾಗರದ ಕಡೆಯ ಸೊಪ್ಪಿನಬೆಟ್ಟದ ದಾರಿಯಾಗಲಿ, ಹೊಸನಗರದ ನಗರ, ನಿಟ್ಟೂರು ಭಾಗದ ಏರುದಾರಿಯಾಗಲಿ, ತೀರ್ಥಹಳ್ಳಿಯ ಆಗುಂಬೆ ಬದಿಯ ಹಳ್ಳ ದಾಟುವ ದಾರಿಯಾಗಲಿ, ಮಳೆಗಾಲ ಮುಗಿಯುವಷ್ಟರಲ್ಲಿ ಚಕ್ರದ ಜಾಡು ಎರಡೂ ಕೊರೆದು ಆಳವಾಗಿ, ನಡುವಿನ ದಿಬ್ಬ ಹಾಗೆಯೇ ಉಳಿದಿರುತ್ತದೆ. ದಿಬ್ಬದ ಮಣ್ಣು ತೊಳೆದುಹೋಗಿ ಜಂಬಿಟ್ಟಿಗೆ ಕಲ್ಲಿನ ಮೂತಿ ಮೇಲೆದ್ದಿರುತ್ತದೆ. ಕೊಡಚಾದ್ರಿಯ ಜೀಪು ದಾರಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕಲ್ಲಿಗೂ ಇಂಜಿನ್ನಿಗೂ ನಡುವೆ ಇರುವುದು ಒಂದು ಕಬ್ಬಿಣದ ತಗಡು ಮಾತ್ರ. ಇಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ಬೋಗುಣಿಯನ್ನು ನಮ್ಮ ಮೆಕ್ಯಾನಿಕ್ಕರು ಚೇಂಬರ್ ಎನ್ನುತ್ತಾರೆ, ಅದನ್ನು ಕಾಯುವ ತಗಡಿಗೆ ಚೇಂಬರ್ ಗಾರ್ಡು ಎನ್ನುತ್ತಾರೆ. ಗೇರ್‌ಬಾಕ್ಸಿನ ಕೆಳಗೆ ಇನ್ನೊಂದು ತಗಡು ಇರುತ್ತದೆ. ಮಹೀಂದ್ರದವರು 1947ರಿಂದ ನಮ್ಮ ದೇಶದಲ್ಲಿ ಜೋಡಿಸತೊಡಗಿದ ವಿಲ್ಲಿಸ್ ಜೀಪು ಮೂಲತಃ ಯುದ್ಧರಂಗದ ಗಾಡಿ. ಹೊಟ್ಟೆಯ ಅಡಿಗೆ ತಗಡು ಕಟ್ಟುವ ಪದ್ಧತಿ ಅದರಲ್ಲಿಯೇ ಇತ್ತು. ಈಗಿನ ಅನೇಕ ಗಾಡಿಗಳಲ್ಲಿ ಆ ಜಾಗದಲ್ಲಿ ಕಾಣುವುದು ಪ್ಲಾಸ್ಟಿಕ್ಕಿನ ಹೊದಿಕೆ. ಅದು ಕೆಸರು ಸಿಡಿಯುವುದನ್ನು ತಡೆಯುತ್ತದೆಯೇ ಹೊರತು ಕಲ್ಲನ್ನಲ್ಲ. ಎಷ್ಟೋ ಮಂದಿ ಅದನ್ನೇ ಗಾರ್ಡು ಎಂದು ನಂಬಿಕೊಂಡಿದ್ದಾರೆ.

ಈ ಪಾಠವನ್ನು ನಾವು ಕಲಿತದ್ದು ಕೈಸುಟ್ಟುಕೊಂಡ ಮೇಲೆ. ಕೆಲವು ವರ್ಷಗಳ ಹಿಂದೆ ಬೇಸಗೆಯಲ್ಲಿ ನಮ್ಮ ಹಳೆಯ ಜೀಪಿನ ಚೇಂಬರ್ ಗಾರ್ಡು ಕಲ್ಲಿಗೆ ಬಡಿದು ಒಳಕ್ಕೆ ಬಾಗಿತ್ತು. ಇನ್ನೊಂದು ಮಳೆಗಾಲ ತಡೆದೀತು ಎಂದು ಬಿಟ್ಟೆವು. ಜೂನ್ ತಿಂಗಳಲ್ಲಿ ಮೊದಲ ಔಷಧಿ ಹೊಡೆಯಲು ಮೈಲುತುತ್ತ, ಸುಣ್ಣ, ಪಂಪು ಎಲ್ಲವನ್ನೂ ಹೇರಿಕೊಂಡು ಹೋಗುವಾಗ ಅದೇ ಜಾಗಕ್ಕೆ ಮತ್ತೆ ಕಲ್ಲು ತಾಗಿತು. ಬಾಗಿದ ತಗಡು ಆಗಲೇ ಚೇಂಬರಿಗೆ ಅಂಟಿ ನಿಂತಿದ್ದರಿಂದ ಆ ಪೆಟ್ಟು ನೇರವಾಗಿ ಚೇಂಬರಿಗೇ ಬಿತ್ತು. ಆಯಿಲ್ ದೀಪ ಹೊತ್ತಿದ್ದನ್ನು ಕಂಡೂ, ಹೇಗಾದರೂ ತೋಟ ಮುಟ್ಟೋಣ ಎಂದು ಅರ್ಧ ಮೈಲಿ ಓಡಿಸಿದೆವು. ಇಂಜಿನ್ ಹಿಡಿದುಕೊಂಡಿತು. ದುರಸ್ತಿಗೆ ತೆತ್ತ ಹಣ ಹಾಗಿರಲಿ, ಔಷಧಿ ಹನ್ನೆರಡು ದಿನ ತಡವಾಯಿತು. ಅಷ್ಟರೊಳಗೆ ಜಡಿಮಳೆ ಹಿಡಿದು ತೋಟದ ತಗ್ಗಿನ ಭಾಗದಲ್ಲಿ ಕೊಳೆ ಕಾಣಿಸಿಕೊಂಡಿತು. ಆ ವರ್ಷ ಆ ಭಾಗದಲ್ಲಿ ಕೊಯ್ದ ಕೊನೆಗಿಂತ ಹೆಕ್ಕಿದ ಉದುರೇ ಹೆಚ್ಚು.

ಆದ್ದರಿಂದ ತಗಡು ಬಾಗಿದೆಯೇ ಎಂದು ನೋಡಿದರೆ ಸಾಲದು. ತಗಡಿಗೂ ಚೇಂಬರಿಗೂ ನಡುವೆ ಎಷ್ಟು ಸಂದು ಉಳಿದಿದೆ ಎಂದು ನೋಡಬೇಕು. ಒಂದು ಅಂಗುಲವಾದರೂ ಇರಲಿ. ಎರಡು ಬೆರಳು ಸಲೀಸಾಗಿ ತೂರದಿದ್ದರೆ ಬಿಚ್ಚುವ ಕಾಲ ಬಂದಿದೆ ಎಂದು ತಿಳಿಯಿರಿ. ಬೋಲ್ಟಿನ ತೂತಿನ ಸುತ್ತ ಸೀಳು ಬಿಟ್ಟಿದ್ದರೂ ಅಷ್ಟೇ.

ಇನ್ನು ತುಕ್ಕಿನ ವಿಚಾರ. ಬೋರ್ಡೋ ಮಿಶ್ರಣಕ್ಕೆ ಸುಣ್ಣ ಸಾಕಾಗಿದೆಯೇ ಎಂದು ನೋಡಲು ನಾವು ಉಜ್ಜಿ ಹೊಳಪು ಮಾಡಿದ ಚೂರಿಯನ್ನು ಅದರಲ್ಲಿ ಅದ್ದುತ್ತೇವಷ್ಟೆ. ಸುಣ್ಣ ಕಡಿಮೆಯಾಗಿದ್ದರೆ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ತಾಮ್ರ ಕೂತಷ್ಟು ಕಬ್ಬಿಣ ಕರಗಿತು ಎಂದೇ ಅದರ ಅರ್ಥ. ಜೀಪಿನ ಹಿಂದೆ ಬರೀ ಮೈಲುತುತ್ತದ ನೀರು ತುಂಬಿದ ಡ್ರಮ್ಮು ತುಳುಕಿ, ಹಲಗೆಯ ಸಂದಿನಿಂದ ಇಳಿದು ತಗಡಿನ ಮೇಲೆ ನಿಂತರೆ ಅಲ್ಲಿಯೂ ನಡೆಯುವುದು ಇದೇ. ಪೊಟ್ಯಾಷ್ ಗೊಬ್ಬರದ ಚೀಲ ಒಡೆದು ಚೆಲ್ಲಿದರೂ ಕಬ್ಬಿಣಕ್ಕೆ ಒಳ್ಳೆಯದಲ್ಲ. ಹೊರಗಿನಿಂದ ಗಟ್ಟಿಯಾಗಿ ಕಾಣುವ ತಗಡನ್ನು ಸುತ್ತಿಗೆಯ ಮೂತಿಯಿಂದ ತಟ್ಟಿ ನೋಡಿ. ಒಳ್ಳೆಯ ತಗಡು ಗಣಗಣ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ. ಔಷಧಿ ಸಾಗಿಸಿದ ದಿನ ಗಾಡಿಯ ಹಿಂಭಾಗವನ್ನೂ ತಳವನ್ನೂ ಎರಡು ಕೊಡ ನೀರಿನಿಂದ ತೊಳೆಯುವುದು ದೊಡ್ಡ ಕೆಲಸವೇನಲ್ಲ.

ಹೊಸ ತಗಡು ಎಷ್ಟು ದಪ್ಪ ಬೇಕು? ಎರಡು ಅಡಿ ಅಗಲ, ಎರಡೂವರೆ ಅಡಿ ಉದ್ದದ ಉಕ್ಕಿನ ತಗಡು 3 ಮಿಲಿಮೀಟರ್ ದಪ್ಪವಿದ್ದರೆ ಸುಮಾರು 11 ಕಿಲೋ ತೂಗುತ್ತದೆ, 5 ಮಿಲಿಮೀಟರ್ ಆದರೆ 18 ಕಿಲೋ. ತೋಟಕ್ಕೆ ಹೋಗಿಬರುವ ನಮ್ಮಂಥವರಿಗೆ 4 ಮಿಲಿಮೀಟರ್ ಸಾಕೆಂದು ನಮ್ಮ ಅಭಿಪ್ರಾಯ. ಅಲ್ಯೂಮಿನಿಯಮ್ 6 ಮಿಲಿಮೀಟರ್ ದಪ್ಪ ಹಾಕಿದರೂ ಏಳೂವರೆ ಕಿಲೋ ಮೀರುವುದಿಲ್ಲ. ಆದರೆ ಮೈಲುತುತ್ತ ಅದನ್ನು ಕಬ್ಬಿಣದಂತೆಯೇ ತಿಂದುಹಾಕುತ್ತದೆ. ಔಷಧಿ ಹೊರುವ ಗಾಡಿಗೆ ಅದು ಬೇಡ. ದಪ್ಪಕ್ಕಿಂತ ಮುಖ್ಯವಾದದ್ದು ಅಂಚು. ಮುಂದಿನ ಅಂಚು ಮೇಲಕ್ಕೆ ಬಾಗಿದ್ದರೆ ಗಾಡಿ ಕಲ್ಲಿನ ಮೇಲೆ ಜಾರಿ ಮುಂದೆ ಹೋಗುತ್ತದೆ, ನೆಟ್ಟಗಿದ್ದರೆ ನೇಗಿಲಿನಂತೆ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಹಿಂದಿನ ಅಂಚನ್ನೂ ಸ್ವಲ್ಪ ಬಾಗಿಸಬೇಕು. ಇಳಿಜಾರಿನಲ್ಲಿ ಸಿಕ್ಕಿಕೊಂಡು ಹಿಂದಕ್ಕೆ ಬರಬೇಕಾದಾಗ ಅದರ ಬೆಲೆ ತಿಳಿಯುತ್ತದೆ. ಆಯಿಲ್ ಬಿಡುವ ನಟ್ಟಿನ ನೇರಕ್ಕೆ ಒಂದು ತೂತು, ನೀರು ಕೆಸರು ಇಳಿಯಲು ಹಿಂಬದಿಯಲ್ಲಿ ನಾಲ್ಕಾರು ತೂತು ಇರಲಿ.

ಬಿಚ್ಚುವ ಕೆಲಸವನ್ನು ಮನೆಯಂಗಳದಲ್ಲಿ ಮಾಡುವವರು ಈ ಭಾಗವನ್ನು ಎರಡು ಸಲ ಓದಬೇಕೆಂದು ಪ್ರಾರ್ಥನೆ. ಬರೀ ಜಾಕಿಯನ್ನು ನಂಬಿ ಯಾರೂ ಗಾಡಿಯ ಅಡಿಗೆ ಹೋಗಬಾರದು. ನಮ್ಮಲ್ಲಿ ಕೈಗೆ ಸಿಗುವುದು ಜಂಬಿಟ್ಟಿಗೆ ಕಲ್ಲು. ಗೋಡೆಯಲ್ಲಿ ನೂರು ವರ್ಷ ನಿಲ್ಲುವ ಕಲ್ಲು ಒಂದೇ ಬಿಂದುವಿನ ಮೇಲೆ ಭಾರ ಬಿದ್ದರೆ ಸೂಚನೆ ಕೊಡದೆ ಪುಡಿಯಾಗುತ್ತದೆ. ಸಿಮೆಂಟಿನ ಟೊಳ್ಳು ಇಟ್ಟಿಗೆಯೂ ಹಾಗೆಯೇ. ಗಟ್ಟಿಮರದ ದಪ್ಪ ತುಂಡುಗಳನ್ನು ಅಡ್ಡಡ್ಡ ಪೇರಿಸಿ ಛಾಸಿಗೆ ಆಸರೆ ಕೊಡಿ. ಅಡಿಕೆ ಮರದ ತುಂಡು ಇದಕ್ಕೆ ಆಗದು. ನೆಲ ಸಮನಾಗಿರಲಿ, ಚಕ್ರಗಳಿಗೆ ಎರಡೂ ಬದಿ ಅಡ್ಡ ಕೊಡಿ, ಇಂಜಿನ್ ಪೂರ್ತಿ ತಣಿಯಲಿ.

ಎರಡನೆಯ ಅಪಾಯ ಅನೇಕರಿಗೆ ಗೊತ್ತೇ ಇಲ್ಲ. ಕೆಲವು ಹಳೆಯ ಮಾದರಿಯ ಜೀಪುಗಳಲ್ಲಿ ಗೇರ್‌ಬಾಕ್ಸಿನ ಅಡಿಯ ತಗಡು ಬರೀ ತಗಡಲ್ಲ, ಗೇರ್‌ಬಾಕ್ಸು ಕೂತಿರುವುದೇ ಅದರ ಮೇಲೆ. ನಾವು ಕಣ್ಣಾರೆ ಕಂಡ ಒಂದು ಕಡೆ ಕೊನೆಯ ಬೋಲ್ಟು ಸಡಿಲವಾಗುತ್ತಲೇ ಗೇರ್‌ಬಾಕ್ಸು ನಾಲ್ಕು ಬೆರಳು ಕೆಳಗೆ ಕುಸಿಯಿತು. ಅಡಿಯಲ್ಲಿ ಮಲಗಿದ್ದ ಹುಡುಗನ ಮೊಣಕೈಗೆ ಪೆಟ್ಟಾಯಿತು, ಎದೆ ಉಳಿಯಿತು. ಆದ್ದರಿಂದ ತಗಡಿನ ಮೇಲೆ ರಬ್ಬರಿನ ಮೌಂಟಿಂಗ್ ಕೂತಿದೆಯೇ ಎಂದು ಮೊದಲು ಟಾರ್ಚು ಹಾಕಿ ನೋಡಿ. ಕೂತಿದ್ದರೆ ಇನ್ನೊಂದು ಜಾಕಿಯನ್ನು, ಮೇಲೆ ಮರದ ಹಲಗೆಯಿಟ್ಟು, ಗೇರ್‌ಬಾಕ್ಸಿಗೆ ಕೊಟ್ಟ ಮೇಲೆಯೇ ಬೋಲ್ಟಿಗೆ ಕೈಹಾಕಿ. ಬರೀ ಗಾರ್ಡಾಗಿದ್ದರೂ ಹತ್ತಿಪ್ಪತ್ತು ಕಿಲೋ ಮುಖದ ಮೇಲೆ ಬೀಳುವಂಥದ್ದೇ, ಜೊತೆಗೆ ಅದರೊಳಗೆ ಕೂತ ಕೆಸರಿನ ಭಾರ ಬೇರೆ. ಎರಡನೆಯವರೊಬ್ಬರು ಹಿಡಿದುಕೊಂಡಿರಲಿ.

ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ರಾತ್ರಿಯೇ ಡೀಸೆಲ್ ಹಚ್ಚಿಡಿ. ಬೆಳಿಗ್ಗೆ ಮೊದಲು ಸ್ವಲ್ಪ ಬಿಗಿದು, ಆಮೇಲೆ ಸಡಿಲಿಸಿ. ಅದಕ್ಕೂ ಬಗ್ಗದಿದ್ದರೆ ಗ್ಯಾಸಿನಿಂದ ಕಾಯಿಸುವ ಕೆಲಸವನ್ನು ಗ್ಯಾರೇಜಿನವರಿಗೆ ಬಿಡಿ. ಡೀಸೆಲ್ ಪೈಪು, ಬ್ರೇಕ್ ಪೈಪು ಎರಡೂ ಪಕ್ಕದಲ್ಲೇ ಹಾದುಹೋಗುತ್ತವೆ. ವೆಲ್ಡಿಂಗ್ ಮಾಡಿಸುವುದಿದ್ದರೆ ತಗಡನ್ನು ಗಾಡಿಯಿಂದ ಕೆಳಗಿಳಿಸಿಯೇ ಮಾಡಿಸಬೇಕು. ಗಾಡಿಗೇ ಬೆಸೆಯಲು ಬಿಡಬೇಡಿ. ಮುಂದಿನ ಸಲ ಬಿಚ್ಚಲಿಕ್ಕೂ ಆಗದು.

ಹೊಸದನ್ನು ಕೂರಿಸುವಾಗ ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಿಂದ ಹಿಡಿಸಿ, ಆಮೇಲೆ ಮೂಲೆಯಿಂದ ಮೂಲೆಗೆ ಬಿಗಿಯುತ್ತ ಬನ್ನಿ. ಒಂದನ್ನು ಪೂರ್ತಿ ಬಿಗಿದುಬಿಟ್ಟರೆ ಉಳಿದವುಗಳ ತೂತು ಕೂಡುವುದಿಲ್ಲ. ತಲೆಯ ಮೇಲೆ 8.8 ಎಂದು ಅಚ್ಚೊತ್ತಿದ 10 ಮಿಲಿಮೀಟರ್ ಬೋಲ್ಟಿಗೆ ಒಂದು ಅಡಿ ಉದ್ದದ ಸ್ಪ್ಯಾನರಿನ ತುದಿಯಲ್ಲಿ ಹದಿನೈದು ಕಿಲೋ ತೂಕದಷ್ಟು ಎಳೆತ ಸಾಕು. ಹೊರಚಾಚಿದ ಬೋಲ್ಟಿನ ತಲೆ ಕಲ್ಲಿಗೆ ಉಜ್ಜಿ ಕತ್ತರಿಸಿಹೋಗುತ್ತದೆ, ಆದಕಾರಣ ತಗಡಿನ ತಗ್ಗಿನೊಳಗೆ ಕೂರುವಂತೆಯೋ ಗುಂಡುತಲೆಯದ್ದನ್ನೋ ಹಾಕಿಸಿ. ಎಳೆಗೆ ಗ್ರೀಸು ಸವರಿದರೆ ಮುಂದಿನವರು ನಿಮ್ಮನ್ನು ನೆನೆದಾರು. ಆದರೆ ಗ್ರೀಸು ಹಚ್ಚಿದ ಬೋಲ್ಟಿಗೆ ಎಳೆತ ತುಸು ಕಡಿಮೆಯಿರಲಿ. ಇನ್ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಬೇಕು.

ಕೊನೆಗೆ ಬೇಸಗೆಯ ಮಾತೊಂದು. ಫೆಬ್ರವರಿ, ಮಾರ್ಚಿನಲ್ಲಿ ದರಕಿನ ಮೇಲೆ ಓಡಾಡಿದ ಗಾಡಿಯ ತಗಡಿನೊಳಗೆ ಒಣ ಎಲೆ, ಹುಲ್ಲು ಬುಟ್ಟಿಗಟ್ಟಲೆ ಸೇರಿಕೊಳ್ಳುತ್ತದೆ. ಸೈಲೆನ್ಸರಿನ ಕೊಳವೆ ಅಲ್ಲೇ ಮೇಲೆ ಕಾದಿರುತ್ತದೆ, ಆಯಿಲ್ ಜಿನುಗಿದ್ದರಂತೂ ಹೇಳುವುದೇ ಬೇಡ. ವಾರಕ್ಕೊಮ್ಮೆ ಗಾಡಿ ತಣಿದ ಮೇಲೆ ಒಂದು ಕೊಕ್ಕೆ ಹಾಕಿ ಎಲ್ಲವನ್ನೂ ಎಳೆದು ತೆಗೆಯಿರಿ. ಬಿಚ್ಚಿದ ಹಳೆಯ ತಗಡನ್ನು ಕೂಡಲೇ ಗುಜರಿಗೆ ಹಾಕಬೇಡಿ. ಹಳೆಯ ಜೀಪುಗಳಿಗೆ ಸಿದ್ಧ ತಗಡು ಸಿಗುವುದು ಕಷ್ಟವಾಗಿದೆ. ಅದನ್ನೇ ಅಳತೆಗೆ ಇಟ್ಟುಕೊಂಡರೆ ಯಾವ ಲೇತ್ ಅಂಗಡಿಯವರೂ ತೂತು ಸಹಿತ ಹೊಸದನ್ನು ಕೊಯ್ದು ಕೊಡಬಲ್ಲರು.