ಗಾಯಪಟ್ಟ ವಿಶ್ವಾಸಿಯು ನ್ಯಾಯಸ್ಥಾನಕ್ಕೆ ಹೋಗಬಹುದೋ?

ಗ್ರಾಮ ಸಭೆಗಳಿಗಾಗಿ ಸತ್ಯವೇದ ಪಾಠ

ಓದತಕ್ಕ ಭಾಗಗಳು: ವಿಮೋಚನಕಾಂಡ 21:18-19, 28-36, 1 ಕೊರಿಂಥ 6:1-8, ಅಪೊಸ್ತಲರ ಕೃತ್ಯಗಳು 25:6-12, ಫಿಲೆಮೋನ 10-19.



ನಮ್ಮ ಕಡೆಯ ಒಂದು ಚಿಕ್ಕ ಸಭೆಯಲ್ಲಿ ಗಾರೆ ಕೆಲಸದಿಂದ ಜೀವನಮಾಡುತ್ತಿದ್ದ ಒಬ್ಬ ಸಹೋದರನಿದ್ದಾನೆ. ಮೂರು ವರುಷಗಳ ಹಿಂದೆ ಒಂದು ಸಾಯಂಕಾಲ ಅವನು ಕೆಲಸ ತೀರಿಸಿಕೊಂಡು ರಸ್ತೆಯ ಅಂಚಿನಲ್ಲಿ ಸೈಕಲ್ಲನ್ನು ತಳ್ಳಿಕೊಂಡು ಬರುತ್ತಿರುವಾಗ, ಹಿಂದಿನಿಂದ ಬಂದ ಲಾರಿಯು ಅವನನ್ನು ಕೆಡವಿತು. ಪ್ರಾಣವು ಉಳಿಯಿತು; ಆದರೆ ಬಲಗಾಲನ್ನು ಮೊಣಕಾಲಿನ ಮೇಲಕ್ಕೆ ಕತ್ತರಿಸಬೇಕಾಯಿತು. ಹತ್ತನೆಯ ದಿನ ಲಾರಿಯ ಯಜಮಾನನ ಕಡೆಯವನೊಬ್ಬನು ಆಸ್ಪತ್ರೆಗೆ ಬಂದು, 20,000 ರೂಪಾಯಿಗಳನ್ನು ಮುಂದಿಟ್ಟು, ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕೆಂದು ಕೇಳಿದನು. ಆಗ ಅವನ ಹೆಂಡತಿಯು ಉಪದೇಶಿಯಾದ ನನ್ನ ಬುದ್ಧಿವಾದವನ್ನು ಕೇಳಿದಳು.

ನಾನು ಯೋಚಿಸದೆ, "ಅಮ್ಮಾ, ನಮ್ಮಂಥವರಿಗೆ ಕೋರ್ಟು ಕಚೇರಿ ತಕ್ಕದ್ದಲ್ಲ. ಕ್ಷಮಿಸಿ ಬಿಟ್ಟುಬಿಡಿರಿ, ದೇವರು ನೋಡಿಕೊಳ್ಳುವನು" ಅಂದೆನು. ಅವಳು, "ಅಯ್ಯನವರೇ, ಕ್ಷಮಿಸಿದ್ದೇವೆ. ಆದರೆ ನಾಳೆಯಿಂದ ಮಕ್ಕಳಿಗೆ ಏನು ಬೇಯಿಸಿ ಹಾಕಲಿ?" ಅಂದಳು. ಆ ಮಾತಿಗೆ ನನ್ನ ಬಳಿಯಲ್ಲಿ ಉತ್ತರವಿರಲಿಲ್ಲ. ಕಾಗದಕ್ಕೆ ಈಹೊತ್ತು ಒತ್ತಬೇಡಿರೆಂದು ಮಾತ್ರ ಹೇಳಿ ಮನೆಗೆ ಹೋಗಿ, ದೇವರ ವಾಕ್ಯವು ಈ ವಿಷಯದಲ್ಲಿ ಏನು ಕಲಿಸುತ್ತದೆಂದು ಹುಡುಕಿದೆನು. ಅದರ ಫಲವೇ ಈ ಪಾಠವು.

1. ಧರ್ಮಶಾಸ್ತ್ರವು ಏನನ್ನುತ್ತದೆ?

ಒಬ್ಬನ ಏಟಿನಿಂದ ಮತ್ತೊಬ್ಬನು ಸಾಯದೆ ಹಾಸಿಗೆ ಹಿಡಿದರೆ ಏನು ಮಾಡತಕ್ಕದ್ದೆಂದು ಮೋಶೆಯ ಧರ್ಮಶಾಸ್ತ್ರವು ವಿಧಿಸುತ್ತದೆ. ಪೆಟ್ಟು ತಿಂದವನು ಎದ್ದು ಕೋಲೂರಿಕೊಂಡು ಹೊರಗೆ ತಿರುಗಾಡಿದರೆ ಹೊಡೆದವನಿಗೆ ಮರಣದಂಡನೆಯಿಲ್ಲ. ಆದರೂ ಕೆಲಸವಿಲ್ಲದೆ ಕಳೆದ ದಿವಸಗಳ ನಷ್ಟವನ್ನು ಕೊಡಬೇಕು, ಪೂರ್ಣವಾಗಿ ವಾಸಿಯಾಗುವ ತನಕ ಚಿಕಿತ್ಸೆಮಾಡಿಸಬೇಕು. ಕೂಲಿಯ ನಷ್ಟವೂ ವೈದ್ಯದ ವೆಚ್ಚವೂ ಎಷ್ಟು ಪೂರ್ವದಲ್ಲಿಯೇ ಎಣಿಕೆಗೆ ಬಂದವೆಂಬದನ್ನು ನೋಡಿರಿ.

ಅದೇ ಅಧ್ಯಾಯದಲ್ಲಿ ಹಾಯುವ ಎತ್ತಿನ ಸಂಗತಿಯುಂಟು. ಎತ್ತು ಹಾಯುತ್ತದೆಂದು ತಿಳಿದಿದ್ದರೂ ಕಟ್ಟಿಹಾಕದ ಯಜಮಾನನು ಹೊಣೆಗಾರನು. ಗುಂಡಿಯನ್ನು ತೋಡಿ ಮುಚ್ಚದೆ ಬಿಟ್ಟವನೂ ಅದರಲ್ಲಿ ಬಿದ್ದ ಪಶುವಿನ ಬೆಲೆಯನ್ನು ತೆರಬೇಕು. ಇವರು ಬೇಕೆಂದು ಕೇಡುಮಾಡಿದವರಲ್ಲ, ಎಚ್ಚರವಿಲ್ಲದವರು. ಆದದರಿಂದ ಅಜಾಗ್ರತೆಯಿಂದಾದ ನಷ್ಟಕ್ಕೆ ಪರಿಹಾರವನ್ನು ಕೇಳುವದು ದುರಾಶೆಯಲ್ಲ; ಅದು ದೇವರೇ ನೇಮಿಸಿದ ನ್ಯಾಯಕ್ಕೆ ಒಪ್ಪುವಂಥದು.

2. ಪೌಲನ ಮಾತು ಯಾರಿಗೆ?

ಹಾಗಾದರೆ ಕೊರಿಂಥದ ಸಭೆಯವರನ್ನು ಪೌಲನು ಗದರಿಸಿದ್ದೇಕೆ? ಅಲ್ಲಿ ಸಹೋದರನು ಸಹೋದರನ ಮೇಲೆ, ಈ ಜೀವನದ ಅಲ್ಪ ಕಾರ್ಯಗಳಿಗಾಗಿ, ವಿಶ್ವಾಸವಿಲ್ಲದವರ ಮುಂದೆ ವ್ಯಾಜ್ಯ ಹೂಡುತ್ತಿದ್ದನು. ಅಷ್ಟೇ ಅಲ್ಲ, ಒಬ್ಬರನ್ನೊಬ್ಬರು ಮೋಸಗೊಳಿಸುತ್ತಲೂ ಇದ್ದರು. ಅಂಥದ್ದನ್ನು ಸಭೆಯಲ್ಲೇ ತೀರಿಸಿಕೊಳ್ಳಬೇಕೆಂಬದು ಅಪೊಸ್ತಲನ ಬೋಧನೆ. ಬದುವಿನ ಜಗಳ, ಕೋಳಿಯ ಜಗಳಗಳನ್ನು ತಾಲ್ಲೂಕು ಕೋರ್ಟಿಗೆ ಒಯ್ಯುವ ನಮ್ಮವರಿಗೆ ಈ ಗದರಿಕೆಯು ಇಂದಿಗೂ ಸಲ್ಲುತ್ತದೆ.

ಆದರೆ ಇದೇ ಪೌಲನು ಕೈಸರೈಯದಲ್ಲಿ ತನಗೆ ನ್ಯಾಯವು ತಪ್ಪುವದೆಂದು ಕಂಡಾಗ ಚಕ್ರವರ್ತಿಗೆ ಮೇಲ್ಮನವಿ ಮಾಡಿಕೊಂಡನು. ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡಿಸಿದ ಅಧಿಕಾರಿಗಳು ತಾವೇ ಬಂದು ಬಿಡಿಸಬೇಕೆಂದು ಹೇಳಿದನು. ಅಧಿಕಾರಿಗಳು ಒಳ್ಳೆಯದಕ್ಕಾಗಿ ದೇವರಿಂದ ನೇಮಿಸಲ್ಪಟ್ಟ ಸೇವಕರೆಂದು ರೋಮಾಪುರದವರಿಗೆ ಬರೆದವನೂ ಅವನೇ.

ಅನ್ಯಾಯವನ್ನು ತಾಳಿಕೊಳ್ಳುವದು ಲೇಸಲ್ಲವೇ ಎಂದು ಪೌಲನು ಕೇಳಿದನಲ್ಲಾ ಎಂದು ಕೆಲವರು ಅನ್ನಬಹುದು. ಹೌದು, ನನ್ನ ಸ್ವಂತ ಹಕ್ಕನ್ನು ಕ್ರಿಸ್ತನ ನಿಮಿತ್ತ ನಾನು ಬಿಟ್ಟುಕೊಡಬಹುದು. ಆದರೆ ನಿನ್ನ ಹಕ್ಕನ್ನು ಬಿಡೆಂದು ಕಾಲು ಕಳೆದುಕೊಂಡವನಿಗೆ ಆಜ್ಞಾಪಿಸುವದಕ್ಕೆ ಎರಡು ಕಾಲುಳ್ಳ ನನಗೆ ಏನು ಅಧಿಕಾರ? ಅವನಿಗಾದರೂ ಅದು ತನ್ನೊಬ್ಬನ ಹಕ್ಕಲ್ಲ; ಹೆಂಡತಿಮಕ್ಕಳ ಅನ್ನವು ಅದರಲ್ಲಿದೆ. ಸ್ವಂತ ಮನೆಯವರನ್ನು ಸಂರಕ್ಷಿಸದವನ ವಿಷಯದಲ್ಲಿ ತಿಮೊಥೆಯನಿಗೆ ಬರೆದ ಕಠಿಣವಾದ ಮಾತನ್ನು (1 ತಿಮೊಥೆಯ 5:8) ಮರೆಯಬಾರದು.

3. ಕ್ಷಮೆ ಮತ್ತು ಪರಿಹಾರ

ಕ್ಷಮಿಸಿದವನು ಪರಿಹಾರವನ್ನು ಕೇಳಬಾರದೆಂದು ನಾನು ನೆನಸಿದ್ದೆನು. ಫಿಲೆಮೋನನಿಗೆ ಬರೆದ ಪತ್ರಿಕೆಯು ನನ್ನ ತಪ್ಪನ್ನು ತಿದ್ದಿತು. ಒನೇಸಿಮನನ್ನು ಸಹೋದರನಂತೆ ಸೇರಿಸಿಕೊಳ್ಳಬೇಕೆಂದು ಬೇಡುವ ಪೌಲನು, ಅವನಿಂದ ನಷ್ಟವಾಗಿದ್ದರೆ ಅದನ್ನು ತನ್ನ ಲೆಕ್ಕಕ್ಕೆ ಹಾಕಬೇಕೆಂದೂ ಬರೆಯುತ್ತಾನೆ. ಕ್ಷಮೆಯು ಹಗೆಯನ್ನು ತೆಗೆದುಹಾಕುತ್ತದೆ. ನಷ್ಟವಾದರೋ ಹಾಗೆಯೇ ಉಳಿಯುತ್ತದೆ, ಅದನ್ನು ಯಾರಾದರೂ ಹೊರಲೇ ಬೇಕು. ಮುಯ್ಯಿ ತೀರಿಸುವದು ದೇವರಿಗೆ ಸೇರಿದ್ದು. ಹೋದ ಕೂಲಿಯನ್ನು ಕೇಳುವದು ಮುಯ್ಯಲ್ಲ.

4. ನಮ್ಮ ದೇಶದ ಕಾನೂನಿನ ಏರ್ಪಾಡು

1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ರಸ್ತೆಯಲ್ಲಿ ಓಡುವ ಪ್ರತಿ ವಾಹನಕ್ಕೂ ಹೊರಗಿನವರಿಗಾಗುವ ಹಾನಿಯ ವಿಷಯವಾಗಿ ವಿಮೆಯಿರಬೇಕು. ಆದದರಿಂದ ಸಾಧಾರಣವಾಗಿ ಪರಿಹಾರವನ್ನು ಕೊಡುವದು ವಿಮಾ ಕಂಪೆನಿಯು, ಬಡ ಚಾಲಕನಲ್ಲ. ವಿಮೆಯಿಲ್ಲದಿದ್ದರೆ ಯಜಮಾನನು ಹೊಣೆಯಾಗುವನು. ಚಾಲಕನ ಮೇಲೆ ಪೊಲೀಸರು ನಡಿಸುವ ಮೊಕದ್ದಮೆಯು ಬೇರೆ, ಪರಿಹಾರದ ಅರ್ಜಿಯು ಬೇರೆ.

ಅರ್ಜಿಯನ್ನು ಅಪಘಾತವಾದ ಸ್ಥಳದ ನ್ಯಾಯಮಂಡಳಿಗಾಗಲಿ ಗಾಯಪಟ್ಟವನು ವಾಸಿಸುವ ಸ್ಥಳದ ನ್ಯಾಯಮಂಡಳಿಗಾಗಲಿ ಕೊಡಬಹುದು. 2022ನೆಯ ಏಪ್ರಿಲ್ 1ರಿಂದ ನಡೆಯುತ್ತಿರುವ ತಿದ್ದುಪಡಿಯಲ್ಲಿ 6 ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂದಿದೆ, ಆದಕಾರಣ ತಡಮಾಡಬಾರದು. ವಾಯಿದೆ ಮೀರಿದವರು ಸಹ ವಕೀಲರನ್ನು ವಿಚಾರಿಸದೆ ಆಶೆ ಬಿಡಬಾರದು. ತಪ್ಪು ಯಾರದೆಂದು ರುಜುಪಡಿಸದೆಯೇ ಭಾರೀ ಗಾಯಕ್ಕೆ 2,50,000 ರೂಪಾಯಿಗಳನ್ನು ಪಡೆಯುವ ಮಾರ್ಗವೂ ಉಂಟು. ಕೆಡವಿದ ವಾಹನವು ಗುರುತು ಸಿಕ್ಕದೆ ಓಡಿಹೋಗಿದ್ದರೆ, ಭಾರೀ ಗಾಯಕ್ಕೆ ಸರಕಾರದ ನಿಧಿಯಿಂದ 50,000 ರೂಪಾಯಿಗಳು ದೊರೆಯುತ್ತವೆ.

ಪರಿಹಾರವನ್ನು ಎಣಿಸುವ ಬಗೆಯನ್ನು ತಿಳಿದುಕೊಳ್ಳಿರಿ. 38 ವರುಷದ ಒಬ್ಬನಿಗೆ ತಿಂಗಳಿಗೆ 12,000 ರೂಪಾಯಿ ದುಡಿಮೆಯಿತ್ತೆಂದೂ, ಅದರಲ್ಲಿ ನೂರಕ್ಕೆ 60 ಪಾಲು ನಷ್ಟವಾಯಿತೆಂದೂ ಇಟ್ಟುಕೊಳ್ಳೋಣ. ವರುಷದ ದುಡಿಮೆ 1,44,000; ಅದರಲ್ಲಿ ನಷ್ಟ 86,400. ಸುಪ್ರೀಂ ಕೋರ್ಟು 2009ರಲ್ಲಿ ಗೊತ್ತುಮಾಡಿದ ಪಟ್ಟಿಯಲ್ಲಿ 36ರಿಂದ 40 ವರುಷದವರಿಗೆ 15ರಿಂದ ಗುಣಿಸತಕ್ಕದ್ದು. ಆಗ 12,96,000 ರೂಪಾಯಿಗಳಾಗುತ್ತವೆ. ಔಷಧದ ವೆಚ್ಚ, ಮುಂದಿನ ಚಿಕಿತ್ಸೆ, ನೋವು, ಜೀವನದ ಸುಖಗಳ ನಷ್ಟ ಇವುಗಳಿಗೆ ಪ್ರತ್ಯೇಕವಾಗಿ ಕೊಡುವರು. ಇದರ ಮುಂದೆ ಆಸ್ಪತ್ರೆಯ ಮಂಚದ ಬಳಿ ಇಟ್ಟ 20,000 ರೂಪಾಯಿ ಎಷ್ಟರದು?

2010ರಲ್ಲಿ ಅದೇ ನ್ಯಾಯಾಲಯವು ಇನ್ನೊಂದು ಸಂಗತಿಯನ್ನು ಸ್ಪಷ್ಟಪಡಿಸಿತು. ಎಡಗೈ ಹೋದ ಗುಮಾಸ್ತನು ತನ್ನ ಕೆಲಸವನ್ನು ಉಳಿಸಿಕೊಳ್ಳಬಹುದು. ಅದೇ ಕೈ ಹೋದ ಬಡಗಿಗೆ ಬಹುಮಟ್ಟಿಗೆ ಎಲ್ಲಾ ದುಡಿಮೆಯೂ ಹೋಗುತ್ತದೆ. ಆದದರಿಂದ ದೇಹಕ್ಕಾದ ಊನವನ್ನು ಮಾತ್ರವಲ್ಲ, ಅವನ ಕಸುಬಿಗಾದ ಹಾನಿಯನ್ನೂ ನೋಡಬೇಕು. 2011ರಲ್ಲಿ ಕರ್ನಾಟಕದ ಒಬ್ಬ ಕೂಲಿಯ ಮೊಕದ್ದಮೆಯಲ್ಲಿ, ಸಂಬಳದ ಚೀಟಿಯಿಲ್ಲದಿದ್ದರೂ ತಿಂಗಳಿಗೆ 4,500 ರೂಪಾಯಿ ದುಡಿಯುತ್ತಿದ್ದೆನೆಂಬ ಅವನ ಮಾತನ್ನು ನ್ಯಾಯವಾದದ್ದೆಂದು ಒಪ್ಪಿತು. ಚೀಟಿಯಿಲ್ಲದ ನಮ್ಮ ಕೂಲಿಯವರು ಇದನ್ನು ನೆನಪಿನಲ್ಲಿಡಲಿ.

ವಕೀಲರಿಗೆ ಹಣವಿಲ್ಲವೆಂದು ಹಿಂಜರಿಯಬೇಡಿರಿ. 1987ರ ಕಾನೂನು ಸೇವಾ ಕಾಯಿದೆಯಂತೆ ಸ್ತ್ರೀಯರಿಗೂ ಮಕ್ಕಳಿಗೂ ಅಂಗವಿಕಲರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ವರಮಾನ ಕಡಿಮೆಯಿರುವವರಿಗೂ ಧರ್ಮಾರ್ಥವಾಗಿ ವಕೀಲರನ್ನು ಕೊಡುವರು. ತಾಲ್ಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ಕೇಳಬಹುದು. 15100 ಎಂಬ ಸಂಖ್ಯೆಗೆ ಫೋನುಮಾಡಬಹುದು. ಬಂದ ಪರಿಹಾರದಲ್ಲಿ ಇಷ್ಟು ಪಾಲು ಕೊಡೆಂದು ಕರಾರುಮಾಡಿಕೊಳ್ಳುವದು ವಕೀಲರ ನಿಯಮಕ್ಕೆ ವಿರುದ್ಧ. ಲೋಕ ಅದಾಲತ್ತಿನಲ್ಲಿ ರಾಜಿಯಾಗುವದು ಒಳ್ಳೆಯದೇ. ದಾರಿಯಲ್ಲಿರುವಾಗಲೇ ಎದುರಾಳಿಯ ಸಂಗಡ ಸಮಾಧಾನವಾಗಬೇಕೆಂದು ಕರ್ತನು ಕಲಿಸಿದ್ದಾನೆ. ಆದರೆ ಅಲ್ಲಿ ಆದ ತೀರ್ಪಿಗೆ ಅಪೀಲಿಲ್ಲವಾದದರಿಂದ ಮೊತ್ತವನ್ನು ಚೆನ್ನಾಗಿ ತಿಳಿದು ಒಪ್ಪಬೇಕು.

5. ಸಾಕ್ಷಿಯಲ್ಲಿ ಸತ್ಯ

ಪಾಪವು ಕೋರ್ಟಿಗೆ ಹೋಗುವದರಲ್ಲಿಲ್ಲ, ಅಲ್ಲಿ ಸುಳ್ಳಾಡುವದರಲ್ಲಿದೆ. ಇಲ್ಲದ ಔಷಧದ ರಸೀತಿ, ಹೆಚ್ಚಿಸಿದ ಊನದ ಪತ್ರ, ಕೆಡವದ ವಾಹನವನ್ನು ತಂದು ನಿಲ್ಲಿಸುವದು ಇವೆಲ್ಲಾ ನಡೆಯುತ್ತವೆಂದು ನೀವು ಬಲ್ಲಿರಿ. ನಾಬೋತನು ಸತ್ತದ್ದು ಇಬ್ಬರು ಸುಳ್ಳುಸಾಕ್ಷಿಗಳಿಂದಲೇ ಅಲ್ಲವೋ? ನಮ್ಮ ಸಹೋದರನಿಗೂ ಈ ಶೋಧನೆಯು ಬಂತು. ಲಾರಿಯು ಅತಿವೇಗದಿಂದ ಬಂದದ್ದನ್ನು ಕಣ್ಣಾರೆ ಕಂಡೆನೆಂದು ಹೇಳು ಎಂದು ಒಬ್ಬನು ಅವನಿಗೆ ಹೇಳಿಕೊಟ್ಟನು. ಅವನಾದರೋ ನ್ಯಾಯಾಧೀಶರ ಮುಂದೆ, "ಸ್ವಾಮೀ, ಅದು ಹಿಂದಿನಿಂದ ಬಂತು, ನಾನು ನೋಡಲಿಲ್ಲ" ಅಂದನು. ಕಂಡದ್ದನ್ನು ಹೇಳುವದಕ್ಕೆ ರಸ್ತೆಯ ಬದಿಯ ಅಂಗಡಿಯವನಿದ್ದನು. ಅರ್ಜಿಯು ನಿಂತಿತು.

6. ಸಭೆಯ ಕರ್ತವ್ಯ

ಸಭೆಯವರು ಪ್ರಾರ್ಥನೆಯ ಸಂಗಡ ಈ ಕಾರ್ಯಗಳನ್ನೂ ಮಾಡಬೇಕು. ಪೊಲೀಸು ಠಾಣೆಯಲ್ಲಿ ದೂರು ಬರೆಯಿಸಿ ಅದರ ನಕಲನ್ನು ಪಡೆಯಬೇಕು; ಇದಕ್ಕೆ ಹಣ ಕೊಡಬೇಕಾದದ್ದಿಲ್ಲ. ಗಾಯದ ಪತ್ರ, ಎಕ್ಸ್‌ರೇ, ರಸೀತಿಗಳನ್ನು ಒಂದೇ ಚೀಲದಲ್ಲಿಟ್ಟು ಕಾಪಾಡಬೇಕು. ಓದಬಲ್ಲವನೊಬ್ಬನು ಪ್ರತಿ ವಾಯಿದೆಗೂ ಜೊತೆಯಲ್ಲಿ ಹೋಗಬೇಕು. ವ್ಯಾಜ್ಯವು ವರುಷಗಟ್ಟಳೆ ಎಳೆಯಬಹುದು. ಅಷ್ಟರ ತನಕ ಆ ಮನೆಯಲ್ಲಿ ಅಕ್ಕಿಯಿದೆಯೋ ಎಂದು ವಿಚಾರಿಸಬೇಕು. ಕೆಡವಿದ ವಾಹನವು ವಿಶ್ವಾಸಿಯದೇ ಆಗಿದ್ದರೆ, ಇಬ್ಬರನ್ನೂ ಸಭೆಯಲ್ಲಿ ಮೊದಲು ಕೂಡಿಸಬೇಕು. ಯಜಮಾನನು ವಿಮೆಯ ಕಾಗದಗಳನ್ನು ಬಚ್ಚಿಡದೆ ಕೊಟ್ಟು, ಸತ್ಯವನ್ನು ಒಪ್ಪಿಕೊಂಡರೆ, ಸಹೋದರಭಾವವು ಕೆಡದೆ ಪರಿಹಾರವು ದೊರೆಯುವದು.

ನಮ್ಮ ಸಹೋದರನಿಗೆ ಕಳೆದ ವರುಷ ತೀರ್ಪಾಯಿತು. ನ್ಯಾಯಮಂಡಳಿಯವರು ಹಣದ ಬಹುಭಾಗವನ್ನು ಬ್ಯಾಂಕಿನಲ್ಲಿ ಅವನ ಹೆಸರಿನಲ್ಲಿ ಇಡಿಸಿದರು. ಈಗ ಅವನು ಮನೆಯ ಮುಂದೆ ಚಿಕ್ಕ ಅಂಗಡಿಯನ್ನಿಟ್ಟು, ಭಾನುವಾರದಲ್ಲಿ ಕೋಲೂರಿಕೊಂಡು ಆರಾಧನೆಗೆ ಬರುತ್ತಾನೆ. ಅವನನ್ನು ಕಾಣುವಾಗೆಲ್ಲಾ ವಿಮೋಚನಕಾಂಡದ ಆ ವಾಕ್ಯವೂ ನಾನು ಅವಸರದಿಂದ ಆಡಿದ ಮಾತೂ ಒಟ್ಟಿಗೆ ನೆನಪಿಗೆ ಬರುತ್ತವೆ.

ವಿಚಾರಿಸತಕ್ಕ ಪ್ರಶ್ನೆಗಳು

1. ಕೊರಿಂಥದವರ ವ್ಯಾಜ್ಯಕ್ಕೂ ಗಾಯಪಟ್ಟವನ ಅರ್ಜಿಗೂ ಇರುವ ಭೇದವೇನು?
2. ಕ್ಷಮೆಯೂ ಪರಿಹಾರವೂ ಹೇಗೆ ಕೂಡಿರಬಹುದು?
3. ನಮ್ಮ ಊರಿನಲ್ಲಿ ಮುಚ್ಚದ ಗುಂಡಿ, ಕಟ್ಟದ ಎತ್ತು ಯಾವುದು? ನಾವು ನಡಿಸುವ ವಾಹನಕ್ಕೆ ವಿಮೆಯುಂಟೋ?

ಪ್ರಾರ್ಥನೆ: ನೀತಿಯುಳ್ಳ ತಂದೆಯೇ, ಗಾಯಪಟ್ಟವರಿಗೆ ಧೈರ್ಯವನ್ನೂ ಸತ್ಯವಾದ ನಾಲಿಗೆಯನ್ನೂ ಅನುಗ್ರಹಿಸು, ನ್ಯಾಯತೀರಿಸುವವರಿಗೆ ಮುಖದಾಕ್ಷಿಣ್ಯವಿಲ್ಲದ ಮನಸ್ಸನ್ನು ಕೊಡು, ಬುದ್ಧಿಹೇಳುವ ನಮಗೆ ಮೊದಲು ಕೇಳುವ ಕಿವಿಯನ್ನು ದಯಪಾಲಿಸು. ಯೇಸುವಿನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.