ತಾಲ್ಲೂಕು ಬೋರ್ಡಿನಿಂದ ವಿಧಾನಸೌಧಕ್ಕೆ: ಸಿದ್ದರಾಮಯ್ಯ

ಮೈಸೂರು ಸೀಮೆಯ ಸಿದ್ದರಾಮನಹುಂಡಿಯವರಾದ ಸಿದ್ದರಾಮಯ್ಯ ಕಾನೂನು ಓದಿ ಮೈಸೂರಿನಲ್ಲಿ ವಕೀಲಿ ಮಾಡುತ್ತಿದ್ದವರು. 1978ರಲ್ಲಿ ಮೈಸೂರು ತಾಲ್ಲೂಕು ಬೋರ್ಡ್ ಸದಸ್ಯರಾಗಿ ಗೆದ್ದರು. ಹೆಚ್ಚಿನ ಪರೀಕ್ಷಾರ್ಥಿಗಳು ಅವರು ಶಾಸಕರಾದ ವರ್ಷವನ್ನಷ್ಟೇ ಉರು ಹೊಡೆಯುತ್ತಾರೆ. ಈ ಮೊದಲ ಮೆಟ್ಟಿಲನ್ನೂ ನೆನಪಿಡಿ.

1983ರಲ್ಲಿ ಭಾರತೀಯ ಲೋಕದಳದಿಂದ ಚಾಮುಂಡೇಶ್ವರಿ ಕ್ಷೇತ್ರದ ಶಾಸಕ. ಬಳಿಕ ಕನ್ನಡ ಕಾವಲು ಸಮಿತಿಯ ಮೊದಲ ಅಧ್ಯಕ್ಷ (ಪರೀಕ್ಷೆಗೆ ಮುಖ್ಯ). 1985ರಲ್ಲಿ ಮರು ಆಯ್ಕೆ, ಪಶುಸಂಗೋಪನೆ ಖಾತೆ. 1989ರಲ್ಲಿ ಸೋಲು. 1994ರಲ್ಲಿ ಹಣಕಾಸು ಸಚಿವ, 1996ರಲ್ಲಿ ಉಪಮುಖ್ಯಮಂತ್ರಿ.

ಈ ಹಾದಿಯ ಅತ್ಯಂತ ರೋಚಕ ತಿರುವು 2006ರ ಚಾಮುಂಡೇಶ್ವರಿ ಉಪಚುನಾವಣೆ. ಜೆಡಿಎಸ್ ಬಿಟ್ಟು ಕಾಂಗ್ರೆಸ್ ಸೇರಿದ್ದ ಅವರು ಗೆದ್ದದ್ದು ಕೇವಲ 257 ಮತಗಳಿಂದ. ಒಂದು ಸಣ್ಣ ಹಳ್ಳಿಯ ಮತಗಟ್ಟೆ ಬೇರೆ ಕಡೆ ವಾಲಿದ್ದರೂ ರಾಜ್ಯದ ರಾಜಕೀಯ ಚಿತ್ರವೇ ಬದಲಾಗುತ್ತಿತ್ತು. ಒಂದೊಂದು ಮತದ ತೂಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚದು. 2013ರಲ್ಲಿ ಮುಖ್ಯಮಂತ್ರಿಯಾಗಿ ಐದು ವರ್ಷ ಪೂರೈಸಿದರು. 2023ರಲ್ಲಿ ಮತ್ತೆ ಅದೇ ಹುದ್ದೆ. ಅದೇ ವರ್ಷ 14ನೇ ಬಜೆಟ್ ಮಂಡಿಸಿ ರಾಮಕೃಷ್ಣ ಹೆಗಡೆ ಅವರ 13 ಬಜೆಟ್‌ಗಳ ದಾಖಲೆ ಮುರಿದರು.

ಜೊತೆಗೆ ಓದಿಕೊಳ್ಳಿ: ಪಂಚಾಯಿತಿ ಸ್ಪರ್ಧೆಗೆ ಕನಿಷ್ಠ ವಯಸ್ಸು 21, ವಿಧಾನಸಭೆಗೆ 25, ವಿಧಾನ ಪರಿಷತ್ತಿಗೆ 30. ಕರ್ನಾಟಕದ ಪರಿಷತ್ತಿನ 75 ಸ್ಥಾನಗಳಲ್ಲಿ 25ನ್ನು ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳೇ ಆರಿಸುತ್ತಾರೆ (ಸಂವಿಧಾನದ ವಿಧಿ 171). ಅಂದರೆ ಗ್ರಾಮ ಪಂಚಾಯಿತಿ ಸದಸ್ಯರ ಕೈಯಲ್ಲೂ ಪರಿಷತ್ತಿಗೆ ಸದಸ್ಯರನ್ನು ಕಳಿಸುವ ಮತವಿದೆ.